ನಲವತ್ತೊಂದನೆಯ ಹೆಸರು

ಶಿವಾಜಿನಗರ ಬಸ್ ನಿಲ್ದಾಣದ ಪಕ್ಕ ಫಹ್ಮಿದಾ ಹದಿನೆಂಟು ವರ್ಷ ಸೊಪ್ಪಿನ ಗಾಡಿ ನಿಲ್ಲಿಸಿದಳು. ಗಾಡಿಗಳನ್ನು ಎತ್ತಿಸಲು ಬಂದ ಪಾಲಿಕೆಯ ಲಾರಿಯ ಮುಂದೆ ಅಂಗಾತ ಮಲಗಿದ ಹೆಂಗಸು. ಅವತ್ತು ಪಕ್ಕದಲ್ಲಿ ಮಲಗಿದ್ದವನು ಅಕ್ತರ್, ಈಗ ಬೀದಿ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ.

ಈ ಸಲ ಸಂಘದ ಪಟ್ಟಿಯಲ್ಲಿದ್ದವರಿಗೆ ಮಾತ್ರ ಪಾಲಿಕೆ ಗಾಡಿ ನಿಲ್ಲಿಸಲು ಜಾಗ ಕೊಡುತ್ತದೆ. ಅವಳ ಮೊಬೈಲಿನಲ್ಲಿ ಸಂಘದ ವೆಬ್‌ಸೈಟ್ ತೆಗೆದರೆ ನಲವತ್ತೊಂದನೆಯ ಹೆಸರು ಅವಳದೇ. ವಾರ್ಡ್ ಕಚೇರಿಯ ಗುಮಾಸ್ತ ಮಾತ್ರ, ನಲವತ್ತೊಂದು ಅಬ್ರಾರ್ ಎಂದ. ಅಬ್ರಾರ್ ಅಕ್ತರನ ಭಾಮೈದ. ಜನ್ಮದಲ್ಲಿ ಒಂದು ಕಟ್ಟು ಸೊಪ್ಪು ಮಾರಿದವನಲ್ಲ.

ಆ ವೆಬ್‌ಸೈಟ್ ನೋಡಿಕೊಳ್ಳುವ ಹಲಸೂರಿನ ಪೂಜಿತಾಗೆ ಫೋನ್ ಮಾಡಿ, ಎರಡು ಕಡೆ ಎರಡು ಹೆಸರು ಯಾಕೆ ಎಂದು ಕೇಳಿದಳು.

“ಸೈಟು ನಿಧಾನ ಅಂತ ನೀವೇ ಬಯ್ತಿದ್ರಲ್ಲ ಆಪಾ. ಅಸಲು ಪುಟ ದೂರದ ಮಷಿನ್‌ನಲ್ಲಿದೆ. ಅದರ ನಕಲನ್ನ ಊರೂರಿನ ಮಷಿನ್‌ಗಳಲ್ಲಿ ಇಡ್ಸಿದೀನಿ. ನೀವು ತೆಗೆದ್ರೆ ಹತ್ತಿರದ್ದೇ ಬರುತ್ತೆ, ಬೇಗ.”

“ಮಂಡಿಗೆ ಓಡದೆ ಗಾಡಿಯಿಂದ್ಲೇ ಕೊಡೋ ಹಂಗೆ.”

“ಅದೇ. ಆದ್ರೆ ನಿಮ್ಮ ಗಾಡೀಲಿರೋದು ನಿನ್ನೆ ಸೊಪ್ಪು. ಅಸಲಲ್ಲಿ ನಿಮ್ಮ ಹೆಸರನ್ನ ನಿನ್ನೇನೇ ತೆಗೆದಿದಾರೆ. ಇವತ್ತು ಸಂಜೆ ಆರಕ್ಕೆ ನಕಲೂ ಬದಲಾಗುತ್ತೆ. ಸಾಕ್ಷಿಗೆ ಈಗಿರೋ ಪುಟದ ಒಂದು ಫೋಟೋ ಹೊಡೆದಿಡ್ಲಾ?”

“ಬೇಡ. ಮೊದ್ಲು ಅಕ್ತರನ್ನ ಕೇಳ್ತೀನಿ.”

ಸಂಘದ ಕಟ್ಟುಪಾಡು ಅದು: ಒಳಗಿನವನ ಮೇಲೆ ದೂರಿದ್ದರೆ ಮೊದಲು ಮುಖಕ್ಕೆ ಹೇಳಬೇಕು, ಸಾಕ್ಷಿ ಪುರಾವೆ ಆಮೇಲೆ.

ಅಕ್ತರ್ ಚಹಾ ತರಿಸಿದ. “ಟೈಪ್ ಮಾಡೋವಾಗ ತಪ್ಪಾಗಿರ್ಬೇಕು ಆಪಾ. ಸರಿ ಮಾಡಿಸ್ತೀನಿ.”

“ಆರಕ್ಕೆ ಫೋನಲ್ಲಿರೋ ನನ್ನ ಹೆಸರೂ ಹೋಗುತ್ತಂತೆ.”

“ಆರಕ್ಕಾ?” ಗಡಿಯಾರ ನೋಡಿದ. “ಇನ್ನೂ ಎರಡು ಗಂಟೆ ಇದೆಯಲ್ಲ. ಕೂತ್ಕೊಳ್ಳಿ.”

ಲಾರಿ ತಡೆದ ದಿನ ಇಬ್ಬರೂ ಸೇರಿದ್ದ ಲಾಕಪ್ಪಿನ ಸೊಳ್ಳೆಗಳ ಕತೆ ತೆಗೆದ. ಅಲ್ಲಿ ಹಾಡಿದ್ದು, ಹವಾಲ್ದಾರನ ಗೊರಕೆ, ಎಲ್ಲ ಹೇಳಿದ. ಅವಳೂ ಹೊಟ್ಟೆ ಹಿಡಿದು ನಕ್ಕಳು. ಆರೂ ಹತ್ತಕ್ಕೆ ಮೊಬೈಲ್ ತೆಗೆದಾಗ ಪುಟ ಚಕ್ಕನೆ ಬಂತು. ನಲವತ್ತೊಂದು, ಅಬ್ರಾರ್.

“ಅದು ಮೊದ್ಲಿಂದ್ಲೂ ಹಂಗೇ ಇತ್ತಲ್ಲ ಆಪಾ,” ಎಂದ ಅಕ್ತರ್. ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ.

ಫಹ್ಮಿದಾ ಎದ್ದಳು. “ಪೊಲೀಸರು ನಿನ್ನ ಒದೀವಾಗ ನಾನು ಅಡ್ಡ ಬಿದ್ದೆ. ಅದೂ ಇರ್ಲಿಲ್ಲ ಅನ್ನು.”

ಅವನು ಅನ್ನಲಿಲ್ಲ. ಪಟ್ಟಿಯನ್ನೂ ತಿದ್ದಲಿಲ್ಲ.

ಈಗ ಅವಳು ಫ್ರೇಜರ್ ಟೌನಿನ ಓಣಿಗಳಲ್ಲಿ ಗಾಡಿ ತಳ್ಳುತ್ತಾಳೆ. ನಿಂತು ಮಾರಿದವಳಿಗೆ ಕೂಗಿ ಮಾರಲು ಗಂಟಲು ಸಾಲದು. ಹನ್ನೊಂದಕ್ಕೆಲ್ಲ ಕೊತ್ತಂಬರಿ ಬಾಡುತ್ತದೆ. ಎದುರಾದರೆ ಅಕ್ತರ್ ಸಲಾಂ ಹೇಳುತ್ತಾನೆ. ಅವಳು ಗಾಡಿ ನಿಲ್ಲಿಸುವುದಿಲ್ಲ.