ದ್ರಾಕ್ಷಿ ಶೆಡ್ಡಿನ ಹರಿಗೋಲು

ಹರಿಗೋಲಿನ ಬಿದಿರು ನಿಪ್ಪಾಣಿಯಿಂದ ಬಂದಿತ್ತೋ ಚಿಕ್ಕೋಡಿಯಿಂದಲೋ, ಈಗ ಆಣೆ ಮಾಡಿ ಹೇಳಲಾರೆ. ಮನೆಯವರು ಆಮೇಲೆ ಹೇಳಿದ್ದನ್ನೂ ನಾನೇ ಕಂಡಂತೆ ಬರೆಯುತ್ತಿರಬಹುದು. ಎಂ.ಎ. ಪರೀಕ್ಷೆ ಮುಗಿಸಿ ಅಥಣಿ ಕಡೆಯ ನಮ್ಮ ಊರಿಗೆ ಬಂದಿದ್ದೆ. ಮಳೆ ಇಳಿದಿದ್ದರೂ ಹೊಳೆ ದಾಟುವ ಬ್ಯಾರೇಜಿನ ಮೇಲೆ ಇನ್ನೂ ನೀರು ಹರಿಯುತ್ತಿತ್ತು. ಹೊಳೆಯಾಚೆ, ರಾಯಬಾಗದ ಕಡೆಯ ಊರಿನಲ್ಲಿ, ಕಾಕುವಿನ, ಅಂದರೆ ಚಿಕ್ಕಪ್ಪ ಕಾಕಾನ ಹೆಂಡತಿಯ, ತಾಯಿ ಹಾಸಿಗೆ ಹಿಡಿದಿದ್ದರು.

ದೊಡ್ಡ ಸೇತುವೆಯ ಮೇಲೆ ಸುತ್ತಿ ಹೋದರೆ ಬಸ್ಸು ಬದಲಿಸಬೇಕು, ಅರ್ಧ ದಿನ ಬೇಕು. ಕಾಕಾ ಅದು ಬೇಡವೆಂದರು. ತಮ್ಮ ಅಜ್ಜ ಕಟ್ಟುತ್ತಿದ್ದಂಥ ಹರಿಗೋಲು ಕಟ್ಟಿ ಕಾಕುವನ್ನು ತಾವೇ ದಾಟಿಸುವುದಾಗಿ ಹೇಳಿದರು. ಅಜ್ಜನ ಕಾಲಕ್ಕೆ ಎಮ್ಮೆಯ ತೊಗಲು ಹೊದಿಸುತ್ತಿದ್ದರಂತೆ. ಕಾಕಾನಿಗೆ ಸಿಕ್ಕಿದ್ದು ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಳಗೆ ಹಾಸುವ ತಾಡಪತ್ರಿ, ಅಂದರೆ ಟಾರ್ಪಾಲು. ಖಾಲಿ ಶೆಡ್ಡಿನಲ್ಲಿ ಕೂತು ಬಿದಿರು ಸೀಳಿ, ದೊಡ್ಡ ಬುಟ್ಟಿಯಂತೆ ಹೆಣೆದು, ಬೋರಲು ಹಾಕಿ, ತಾಡಪತ್ರಿ ಬಿಗಿದು ಹೊಲಿದರು. ಮೇಲೆ ಕಾಯಿಸಿದ ಡಾಂಬರು ಬಳಿದರು. ಬೆಳಿಗ್ಗೆ ನೋಡಿದರೆ ಡಾಂಬರು ಹಪ್ಪಳದಂತೆ ಕಿತ್ತು ಎದ್ದಿತ್ತು. ದ್ರಾಕ್ಷಿಯನ್ನು ಒಣಹಾಕುವ ಮೊದಲು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತೇವಲ್ಲ, ವರ್ಷಗಟ್ಟಲೆ ಆ ಎಣ್ಣೆ ತೊಟ್ಟಿಕ್ಕಿದ ತಾಡಪತ್ರಿ. ಅದಕ್ಕೆ ಏನೂ ಅಂಟದು. ದ್ರಾಕ್ಷಿ ಬೆಳೆಯುವ ಮನೆಯವರಾಗಿ ನಮಗ್ಯಾರಿಗೂ ಇದು ಹೊಳೆಯಲಿಲ್ಲ.

ಕಾಕಾ ಕೆರೆದು, ಸೋಪು ಹಾಕಿ ಉಜ್ಜಿ, ಮತ್ತೆ ಬಳಿದರು. ಮತ್ತೆ ಎದ್ದಿತು. ಕಾಕು ಚೀಲ ತುಂಬಿ ಪಡಸಾಲೆಯಲ್ಲಿಟ್ಟು ಅಡುಗೆಮನೆಗೂ ಶೆಡ್ಡಿಗೂ ಅಲೆಯುತ್ತಿದ್ದರು. ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೇರೆ ತಾಡಪತ್ರಿ ತರೋಣ ಎಂದೆ. ಇದೇ ಆದೀತು, ನಾಳೆ ನೋಡು ಎಂದರು ಕಾಕಾ.

“ನಾಳಿ ನಾಳಿ ಅಂತೀರಿ,” ಎಂದರು ಕಾಕು. “ನಿಮ್ಮ ಬುಟ್ಟಿ ಒಣಗೂದ್ರಾಗ ನಮ್ಮವ್ವ ಒಣಗಿ ಹೊಕ್ಕಾಳ.”

“ಬಸ್ಸಿನ್ಯಾಗ ಮೈ ಮುರಕೊಂಡು ಯಾಕ ಹೊಕ್ಕಿ? ನಾಳಿ ಆ ದಂಡಿಗಿ ಇಳಸ್ತೇನಿ,” ಎಂದರು ಕಾಕಾ.

ಆ ದಂಡೆಯಲ್ಲಿ ತಾಯಿ ಇದ್ದದ್ದು ಕಾಕುವಿನ ಅಣ್ಣನ ಮನೆಯಲ್ಲಿ. ಹೊಲದ ಜಗಳದಲ್ಲಿ ಕಾಕಾ ಅವರೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು.

ಮರುದಿನ ಕಾಕು ಯಾರಿಗೂ ಹೇಳದೆ ಬಸ್ಸು ಹತ್ತಿದರು. ಸಂಜೆ ಫೋನ್ ಮಾಡಿ, ಅವ್ವ ತಮ್ಮ ಗುರುತು ಹಿಡಿಯಲಿಲ್ಲ ಎಂದರು. ಹಿಂದಿನ ದಿನದವರೆಗೂ ಕಾಕುವಿನ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಹೇಳುವಾಗ ಕಾಕು ಅತ್ತರೆಂದು ನೆನಪು. ಅತ್ತದ್ದು ನಾನೂ ಇರಬಹುದು.

ಶೆಡ್ಡಿಗೆ ಹೋಗಿ ಸುದ್ದಿ ಹೇಳಿದೆ. ಕಾಕಾ ಡಾಂಬರು ಕೆರೆಯುವುದನ್ನು ನಿಲ್ಲಿಸಲಿಲ್ಲ. ಆಗ ನಾನು ಕೇಳಿದೆ.

“ಕಾಕಾ, ಕಾಕೂನ್ನ ದಾಟಸೂ ಮನಸ ಖರೇನ ಇತ್ತೇನ್ರಿ ನಿಮಗ?”