ಎಣಿಸಬಾರದ್ದನ್ನು ಎಣಿಸಿದ ಮನೆ

ಮುಸೆಂಬಿ ಸಾಯುವ ಹಿಂದಿನ ದಿನ ಮನೆಯಲ್ಲಿ ನಡೆದದ್ದು ಒಂದು ಜಗಳ, ಅದೂ ದಿನಾ ನಡೆಯುವಂಥದೇ. ಅವನ ಹೆಂಡತಿ ಕಲೊಂಡು ಮುಸುಕಿನ ಜೋಳ, ಅವರೆ ಬೇಯಿಸಿದ ಗಡಿಗೆ ಇಳಿಸುತ್ತಿದ್ದಳು. ಕಟುಂಗೆ ಎಂಬ ಎಂಟು ವರ್ಷದ ಮಗಳು ತಟ್ಟೆ ಇಡಲೆಂದು ಬೆರಳು ಚಾಚಿ ಮನೆಯವರನ್ನು ಎಣಿಸಿದಳು. "ಅಜ್ಜಿ ಒಂದು, ಅಪ್ಪ ಎರಡು..."

ಅತ್ತೆ ಆ ಬೆರಳಿಗೆ ಫಟ್ಟನೆ ಹೊಡೆದರು. "ಜನರನ್ನ ಎಣಿಸ್ತಾರೇನೇ, ಹಾಳಾದೋಳೇ? ಎಣಿಸಿದ್ದು ಉಳಿಯಲ್ಲ!"

ಇವರ ಕುಲವಾದ ಕಾಂಬಾ ಜನ ಮನುಷ್ಯರನ್ನೂ ಎಣಿಸರು, ಮೇಕೆಯನ್ನೂ ಎಣಿಸರು. ಬಣ್ಣ ನೋಡಿಯೇ ಯಾವ ಮೇಕೆ ಬಂದಿಲ್ಲವೆಂದು ಹೇಳುತ್ತಾರೆ.

ಮುಸೆಂಬಿ ನಕ್ಕ. "ಸಾವಿಗೆ ಲೆಕ್ಕ ಬರಲ್ಲ ಕಣವ್ವ. ಬಂದಿದ್ರೆ ನೀನಿನ್ನೂ ಕೂತಿರ್ತಿದ್ದೆಯಾ? ಎಣಿಸು ಮಗಳೇ. ಊಟದಲ್ಲಿ ನಿನ್ನವ್ವನ್ನ ಇಬ್ಬರು ಅಂತ ಹಿಡಿ."

ಕಲೊಂಡು ಅವನ ತಟ್ಟೆಗೆ ಬರೀ ತಿಳಿ ಸುರಿದಳು.

ಮರುದಿನ ಒಣಹೊಳೆಯಲ್ಲಿ ಅವನು ಲಾರಿಗೆ ಮರಳು ತುಂಬುವಾಗ ದಡ ಅವನ ಮೇಲೆ ಕುಸಿಯಿತು. ಅಗೆದು ತೆಗೆಯುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಎಲ್ಲರೆದುರು ಅಂದರು: "ಎಣಿಸಿದಳು. ಹೋದ." ಕಟುಂಗೆ ಕೇಳಿಸಿಕೊಂಡಳು. ಆಮೇಲೆ ಅವಳ ಬಾಯಿಂದ ಒಂದು ಅಂಕಿಯೂ ಹೊರಡಲಿಲ್ಲ.

ಕಿಲೊಂಜೋ ಮೇಷ್ಟರು ಮನೆಗೇ ಬಂದರು. "ದೊಡ್ಡ ಮಕ್ಕಳ ಲೆಕ್ಕಾನ ಬಾಯಲ್ಲೇ ಮಾಡ್ತಿದ್ಲಮ್ಮ. ಈಗ ಹಲಗೆ ಖಾಲಿ ಕೊಡ್ತಾಳೆ. ಮನೇಲಿ ನೀವೇ ಏನಾದ್ರೂ ಕೇಳ್ತಿರಿ. ಇಲ್ದಿದ್ರೆ ಬಿಟ್ಟೇಬಿಡ್ತಾಳೆ."

"ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಓಡಿಬಂದೋಳು ಮೇಷ್ಟ್ರೇ."

"ಕೇಳೋರಿಗೆ ಉತ್ತರ ಗೊತ್ತಿರಬೇಕು ಅಂತ ಯಾರಂದ್ರು?"

ಕಲೊಂಡುವಿಗೆ ಗಂಡನ ಮೇಲೇ ಸಿಟ್ಟಿತ್ತು, ಹೋಗಿ ಆ ದಡದ ಕೆಳಗೆ ನಿಂತದ್ದಕ್ಕೆ. ಆ ದಡವನ್ನು ಪೊಳ್ಳು ಮಾಡಿದ್ದು ಮರಳು ಅಗೆದ ಸಲಿಕೆಗಳು. ಮಗಳ ಬೆರಳಲ್ಲ.

ಬೆಳಗ್ಗೆ ಮೇಕೆ ದೊಡ್ಡಿಯ ಮುಳ್ಳು ಸರಿಸಿ, ಅತ್ತೆಗೆ ಕೇಳುವಂತೆ ಒಂದು, ಎರಡು ಎಂದು ಶುರುಮಾಡಿದಳು.

"ಇನ್ಯಾರನ್ನ ನುಂಗಬೇಕಂತಿದ್ದೀಯೇ?" ಅತ್ತೆ ಕಿರುಚಿದರು.

"ಮೊದಲು ಮೇಕೆ. ನೀವು ಆಮೇಲೆ ಅತ್ತೆ."

ಮೇಕೆ ನಿಂತಲ್ಲಿ ನಿಲ್ಲುವ ಜಾತಿಯೇ? ದಿನಕ್ಕೊಂದು ಉತ್ತರ ಬಂತು. ನಾಟಕವಲ್ಲ, ಅವಳಿಗೆ ಬರುತ್ತಿದ್ದದ್ದೇ ಅಷ್ಟು. ಕಟುಂಗೆ ತುಟಿ ಕಚ್ಚಿ ನಿಂತಿರುತ್ತಿದ್ದಳು. ಮೇಕೆ ಒಂದೂ ಸಾಯಲಿಲ್ಲ. ಒಂದು ಈದಿತು ಕೂಡ. ಅವತ್ತು ಕಲೊಂಡು ನಿನ್ನೆಗಿಂತ ಕಡಿಮೆ ಹೇಳಿದಳು.

"ಅಯ್ಯೋ ಅವ್ವಾ! ಮರಿ ಹುಟ್ಟಿದ್ಮೇಲೆ ಕಡಿಮೆ ಹೇಗಾಗುತ್ತೆ?"

"ನೀನೇ ಹೇಳು ಮತ್ತೆ."

"ನಾ ಹೇಳಿದ್ರೆ ಸಾಯ್ತವೆ."

"ನಾನಿಷ್ಟು ದಿನ ಎಣಿಸ್ದೆ. ಸತ್ವಾ?"

"ನಿನ್ನ ಲೆಕ್ಕ ತಪ್ಪಲ್ವಾ? ಅದಕ್ಕೇ ಉಳಿದಿವೆ."

ಕಲೊಂಡು ಮಗಳನ್ನು ದೊಡ್ಡಿಯ ಬಾಯಿಗೆ ಎಳೆದಳು. "ಸರಿಯಾಗಿ ಎಣಿಸೋದು ಕಲಿಸು. ನಾ ಹೇಳ್ತೀನಿ. ಸತ್ರೆ ನನ್ನ ತಲೆ ಮೇಲೆ."

ಮುಳ್ಳಿನ ಸಂದಿಯಲ್ಲಿ ಒಂದೊಂದೇ ಮೇಕೆ ಬಿಡು, ಬಿಟ್ಟಾಗ ಒಂದು ಕಲ್ಲು ಹಾಕು ಎಂದು ಹುಡುಗಿ ತೋರಿಸಿಕೊಟ್ಟಳು. ಕಲೊಂಡು ಸರಿಯಾದ ಅಂಕಿಯನ್ನು ಊರಿಗೇ ಕೇಳುವಂತೆ ಕೂಗಿದಳು. ಕಟುಂಗೆ ಸಂಜೆಯವರೆಗೆ ಅನ್ನ ಮುಟ್ಟಲಿಲ್ಲ. ಸಂಜೆ ಮೇಕೆಗಳೆಲ್ಲ ಪಕ್ಕದವರ ಬೇಲಿ ತಿಂದು, ಬೈಸಿಕೊಂಡು ಬಂದವು. ಹುಡುಗಿ ದೊಡ್ಡಿಯ ಬಾಯಲ್ಲಿ ನಿಂತು ತಾನೇ ಎಣಿಸಿದಳು. ಮೊದಲು ಪಿಸುಗುಟ್ಟುತ್ತಾ, ಆಮೇಲೆ ಗಟ್ಟಿಯಾಗಿ.

ಈಗಲೂ ಬೆಳಗ್ಗೆ ಕಲೊಂಡು ಮುಳ್ಳು ಸರಿಸಿ, ಮೇಕೆಗಳನ್ನು ಒಂದೊಂದೇ ಬಿಡುತ್ತಾ ಎಣಿಸುತ್ತಾಳೆ. ಆಮೇಲೆ ತನಗೇ ಗೊತ್ತಿಲ್ಲದ್ದೊಂದು ಕೇಳುತ್ತಾಳೆ: ಮೇಕೆ, ಕೋಳಿ ಬೆರೆತು ನಿಂತಾಗ ತಲೆ ಇಷ್ಟು, ಕಾಲು ಇಷ್ಟು ಅಂದರೆ ಯಾವುದೆಷ್ಟು? ದಡ್ಡ ಅವ್ವನಿಗೆ ತಿಳಿಯುವವರೆಗೆ ಕಟುಂಗೆ ಬಿಡಿಸಿ ಹೇಳಬೇಕು. ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರೆ. ಮಗಳು ಶಾಲೆಗೆ ಹೋದ ಮೇಲೆ ಕಲೊಂಡು ಹಿಕ್ಕೆ ಗುಡಿಸುತ್ತಾಳೆ.