ಎಲ್ಲರೂ ಹೃದಯ ನಿಂತೇ ಸತ್ತ ಊರು

ಬೆಳಗಿನ ಐದೂಮುಕ್ಕಾಲು. ಸ್ಲಿವೋವ್ ದೊಲ್ ಊರಿನ ಬಸ್ ನಿಲ್ದಾಣದ ಗೋಡೆಯ ಮುಂದೆ ಪೆನ್ಕಾ ವಲ್ಚೆವಾ ಕನ್ನಡಕ ಏರಿಸಿ ನಿಂತಿದ್ದಾರೆ. ಗೋಡೆಯ ತುಂಬ ಸತ್ತವರ ಮುಖಗಳು. ಫೋಟೊ, ಹೆಸರು, ವಯಸ್ಸು ಅಚ್ಚಾದ ಹಾಳೆಗಳು ಒಂದರ ಮೇಲೊಂದು ಕೂತು ಗೋಡೆಯೇ ದಪ್ಪವಾಗಿದೆ. ಇಲ್ಲಿನ ಪದ್ಧತಿಯಂತೆ ಮನೆಯವರು ಅಂಟಿಸುವ ಹಾಳೆಗಳು: ತೀರಿಕೊಂಡ ದಿನಕ್ಕೊಂದು, ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷವರ್ಷ. ಬದುಕಿದ್ದಾಗ ಯಾರೂ ತಿರುಗಿ ನೋಡದವರೂ ಇಲ್ಲಿ ವರ್ಷಗಟ್ಟಲೆ ಗೋಡೆ ಹಿಡಿದು ನಿಂತಿರುತ್ತಾರೆ.

ಪೆನ್ಕಾ ಬೆರಳಾಡಿಸುತ್ತ ಹೋಗಿ, ಅಂಟು ಇನ್ನೂ ಒಣಗದ ಒಂದು ಹಾಳೆಯ ಮೇಲೆ ನಿಲ್ಲಿಸುತ್ತಾರೆ.

"ಅಯ್ಯೋ, ಟ್ರ್ಯಾಕ್ಟರ್ ರಿಪೇರಿ ಟೋಷ್ಕೊ ಹೋಗ್ಬಿಟ್ನಾ! ಮೊನ್ನೆ ಸಂತೇಲಿ ಸಿಕ್ಕಿದ್ದ. ಇವನ ರಕ್ತ ನಾನೇ ತೆಗ್ದಿದ್ದು. ಇಷ್ಟೆತ್ತರ ಗಂಡಸು, ಸೂಜಿ ನೋಡಿ ಕಣ್ಣು ಮುಚ್ಕೊಂಡಿದ್ದ."

ಎದುರು ಬೇಕರಿಯ ದೋನ್ಕಾ ಬಾಗಿಲು ತೆರೆಯುತ್ತ ಅಲ್ಲಿಂದಲೇ ಕೂಗುತ್ತಾಳೆ: "ಏನ್ ಪೆನ್ಕಕ್ಕ, ಇವತ್ತೆಷ್ಟು ಫಸಲು?"

"ಒಂದೇ."

"ಹೃದಯಾನಾ?"

"ಈ ಊರಲ್ಲಿ ಬೇರೆ ಕಾಯಿಲೆ ಯಾವುದಿದೆ ಹೇಳು."

ಇಬ್ಬರೂ ನಗುತ್ತಾರೆ. ಪೆನ್ಕಾ ನೋಟುಪುಸ್ತಕ ತೆಗೆದು ಹೆಸರು, ತಾರೀಕು ಬರೆದುಕೊಂಡು ಮುಂದಿನ ಗೋಡೆಗೆ ನಡೆಯುತ್ತಾರೆ. ಮೂರು ಹಳ್ಳಿ, ಇಪ್ಪತ್ತಾರು ಗೋಡೆ, ಮಂಗಳವಾರ ಮತ್ತು ಶುಕ್ರವಾರ. ಎರಡನೆಯ ಹಳ್ಳಿಗೆ ಬಸ್ಸು ಸಿಕ್ಕರೆ ಬಸ್ಸು, ಸಿಗದಿದ್ದರೆ ಕಾಲು.

ಪೆನ್ಕಾಗೆ ಐವತ್ತೊಂಬತ್ತು. ಊರಿನ ಆರೋಗ್ಯ ಕೇಂದ್ರಕ್ಕೆ ಬೀಗ ಬೀಳುವವರೆಗೆ ಅಲ್ಲಿ ನರ್ಸ್. ಹದಿನಾರು ವರ್ಷಗಳ ಹಿಂದೆ ನಗರದ ಸಂಶೋಧನಾ ಕೇಂದ್ರದವರು ಈ ಮೂರು ಹಳ್ಳಿಗೆ ಬಂದಾಗ, ಖಾಲಿ ಹೊಟ್ಟೆಯಲ್ಲಿ ಗೊಣಗುತ್ತ ಸಾಲು ನಿಂತ ಮೂರು ಸಾವಿರದ ನೂರ ನಲವತ್ತು ಜನರ ತೋಳಿಗೆ ಸೂಜಿ ಚುಚ್ಚಿದ್ದು ಇವರೇ. ರಕ್ತ ನಗರದ ಶೀತಪೆಟ್ಟಿಗೆ ಸೇರಿತು. ಡಾಕ್ಟರುಗಳು ಅದರಲ್ಲಿ ಅಳೆಯುವುದನ್ನು ಅಳೆದರು, ವಂಶವಾಹಿಗಳನ್ನು ಓದಿದರು. ಉಳಿದದ್ದು ಒಂದೇ ಕೆಲಸ, ರಕ್ತ ಕೊಟ್ಟವರು ಸಾಯುವುದನ್ನು ಕಾಯುವುದು. ಅದನ್ನು ಪೆನ್ಕಾಗೆ ವಹಿಸಿ ಎಲ್ಲರೂ ಕಾರು ಹತ್ತಿ ಹೋದರು.

ಅವರು ಹುಡುಕುತ್ತಿರುವುದೇನೋ ದೊಡ್ಡದೇ. ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ರಕ್ತದಲ್ಲಿ ಒಂದು ಪ್ರೋಟೀನು ಏರುತ್ತದೆ. ಅದು ಏರಿದವರಿಗೆ ಹೃದಯಾಘಾತವೂ ಹೆಚ್ಚು. ಆದರೆ ಹೃದಯ ಕೆಡಿಸುವುದು ಆ ಪ್ರೋಟೀನೋ, ಅಥವಾ ಸಿಗರೇಟು, ಬೊಜ್ಜು, ಬಡತನ ಕೆಡಿಸುವಾಗ ಅದು ಸುಮ್ಮನೆ ಪಕ್ಕದಲ್ಲಿರುತ್ತದೋ? ಕೆಲವರಿಗೆ ಅಪ್ಪ ಅಮ್ಮನಿಂದ ಬಂದ ವಂಶವಾಹಿಯಿಂದಲೇ ಅದು ಜೀವನಪೂರ್ತಿ ಸ್ವಲ್ಪ ಹೆಚ್ಚಿರುತ್ತದೆ. ಆ ವಂಶವಾಹಿ ಬಡವನೆಂದೋ ಸಿಗರೇಟು ಸೇದುವವನೆಂದೋ ಆರಿಸಿಕೊಂಡು ಬರುವುದಿಲ್ಲ, ಗರ್ಭ ಕಟ್ಟುವಾಗ ಚೀಟಿ ಎತ್ತಿದ ಹಾಗೆ ಯಾರಿಗೋ ಬರುತ್ತದೆ. ಅಂಥವರು ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತರೆ ಪ್ರೋಟೀನು ತಪ್ಪಿತಸ್ಥ. ಸಾಯದಿದ್ದರೆ ಅದನ್ನು ಇಳಿಸುವ ಮಾತ್ರೆ ಮಾಡಿ ಪ್ರಯೋಜನವಿಲ್ಲ.

ಪೆನ್ಕಾ ಇದನ್ನು ಊರವರಿಗೆ ಹೇಳುವ ಬಗೆಯೇ ಬೇರೆ. "ಕಳ್ಳ ಬಂದ ಮನೇಲಿ ನಾಯಿ ಬೊಗಳತ್ತೆ. ಹಂಗಂತ ನಾಯಿ ಬೊಗಳಿದ್ದಕ್ಕೇ ಕಳ್ತನ ಆಯ್ತು ಅಂತ ಹೇಳಕ್ಕಾಗತ್ತಾ? ಕೆಲವು ನಾಯಿ ಹುಟ್ಟಾ ಬಾಯಿಬಡುಕ, ಸುಮ್ ಸುಮ್ನೆ ಬೊಗಳ್ತಿರತ್ತೆ. ಅಂಥ ನಾಯಿ ಇರೋ ಮನೇಲಿ ಕಳ್ತನ ಜಾಸ್ತಿ ಆಗತ್ತಾ ನೋಡ್ಬೇಕು. ನಾಯಿ ಲೆಕ್ಕ ಡಾಕ್ಟ್ರದ್ದು. ಕಳ್ತನದ ಲೆಕ್ಕ ನಂದು."

ಕಳ್ಳತನದ ಲೆಕ್ಕವೇ ಹಳ್ಳ ಹಿಡಿದಿತ್ತು. ಈ ಹದಿನಾರು ವರ್ಷಗಳಲ್ಲಿ ರಕ್ತ ಕೊಟ್ಟವರಲ್ಲಿ ಏಳುನೂರ ನಾಲ್ಕು ಮಂದಿ ತೀರಿಕೊಂಡಿದ್ದಾರೆ. ಮರಣಪತ್ರದ ಪ್ರಕಾರ ಅವರಲ್ಲಿ ಐನೂರ ಹತ್ತೊಂಬತ್ತು ಜನ ಸತ್ತದ್ದು ಹೃದಯದಿಂದ. ಯಕೃತ್ತು ಕೊಳೆತು ಸತ್ತ ಕುಡುಕನಿಗೂ ಹೃದಯ, ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ಸತ್ತ ಮುದುಕಿಗೂ ಹೃದಯ. ಪತ್ರ ಬರೆಯುತ್ತಿದ್ದವರು ಆರೋಗ್ಯ ಸಹಾಯಕ ಲಾಜಾರ್. ಊರಿಗೆ ಡಾಕ್ಟರು ಬರುವುದು ನಿಂತ ಮೇಲೆ ಅವರೇ ಡಾಕ್ಟರು.

ಈಗ ಎಪ್ಪತ್ತೆಂಟರ ಲಾಜಾರ್ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಾರೆ. ಪಶ್ಚಾತ್ತಾಪ ಅವರ ಹತ್ತಿರ ಸುಳಿದಂತಿಲ್ಲ. "ಹೃದಯ ನಿಲ್ದೆ ಯಾರಾದ್ರೂ ಸತ್ತಿದ್ದಾರೇನಮ್ಮ? ನಾನೆಲ್ಲಿ ಸುಳ್ಳು ಬರ್ದೆ?"

"ಎಲ್ಲಾರ್ದೂ ಒಂದೇ ಥರ ಬರ್ದು ನನ್ನ ತಲೆ ಮೇಲೆ ಹಾಕಿದ್ಯಲ್ಲ ಲಾಜಾರಣ್ಣ," ಎಂದು ಪೆನ್ಕಾ ರೇಗಿದರೆ, ಮುದುಕ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಕೆಲವ್ರಿಗೆ ಯಾಕೆ ಬರ್ದೆ ಅಂತ ನಿಂಗೂ ಗೊತ್ತು."

ಪೆನ್ಕಾಗೆ ಗೊತ್ತು, ಊರಿಗೇ ಗೊತ್ತು. ತನ್ನ ಜೀವವನ್ನು ತಾನೇ ತೆಗೆದುಕೊಂಡವನಿಗೆ ಇಲ್ಲಿನ ಪಾದ್ರಿ ಮಂತ್ರ ಹೇಳುವುದಿಲ್ಲ, ಚರ್ಚಿನ ಗಂಟೆ ಹೊಡೆಯುವುದಿಲ್ಲ. ಊರಿಗೆ ಅನ್ನ ಹಾಕುತ್ತಿದ್ದ ಗಣಿ ಮುಚ್ಚಿದ ಮೇಲೆ ಅಂಥ ಸಾವುಗಳು ಹೆಚ್ಚಾದವು. ಆಗ ಮನೆಯವರು ಲಾಜಾರ್ ಬಾಗಿಲಿಗೆ ಓಡಿ ಬರುತ್ತಿದ್ದರು. ಲಾಜಾರ್ ಮಾತಿಲ್ಲದೆ 'ಹೃದಯ ಸ್ತಂಭನ' ಎಂದು ಬರೆದು ಮೊಹರು ಒತ್ತುತ್ತಿದ್ದರು. ಪಾದ್ರಿಗೆ ಆ ಕಾಗದ ಸಾಕಿತ್ತು. ಹೀಗೆ ಈ ಊರಿನ ಕರುಣೆಯೆಲ್ಲ ಹೃದಯದ ಖಾತೆಗೆ ಜಮೆಯಾಯಿತು.

ನಗರದ ಕೇಂದ್ರದಲ್ಲಿ ಈ ಅಧ್ಯಯನ ನೋಡಿಕೊಳ್ಳುವ ಡಾ. ವೆಸೆಲಾ ಮಿಂಚೆವಾಗೆ ಆ ಕರುಣೆಯೇ ತಲೆನೋವು. "ನಮ್ಮ ಉತ್ತರ 'ಇಲ್ಲ' ಅಂತಾನೇ ಬರೋ ಹಾಗಿದೆ. ಪ್ರೋಟೀನು ತಪ್ಪಿತಸ್ಥ ಅಲ್ಲ. ಆದ್ರೆ ಹೃದಯದ ಕಾಯಿಲೆ ಇಲ್ದೋರನ್ನೆಲ್ಲ ಹೃದಯದ ಸಾಲಿಗೆ ಸೇರಿಸಿದ್ರೆ, ಪ್ರೋಟೀನೇ ತಪ್ಪಿತಸ್ಥ ಆಗಿದ್ರೂ ಉತ್ತರ ಇಲ್ಲ ಅಂತಾನೇ ಬರತ್ತೆ. ಆಗ ನಮ್ಮ 'ಇಲ್ಲ'ಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಅದಕ್ಕೆ ಬೆಲೆ ತಂದುಕೊಡೋರು ಪೆನ್ಕಾ."

ಪೆನ್ಕಾ ಬೆಲೆ ತಂದುಕೊಡುವುದು ಅಡುಗೆಮನೆಗಳಲ್ಲಿ ಕೂತು. ಈಗ ಸೆಪ್ಟೆಂಬರ್, ಚಳಿಗಾಲಕ್ಕೆ ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದು ಜಾಡಿ ತುಂಬುವ ಕಾಲ. ಸಾವಾದ ಮನೆಗೆ ಹೋಗಿ ಇವರು ಪ್ರಶ್ನೆಗಳ ಹಾಳೆ ಹೊರಗೆ ತೆಗೆಯುವುದಿಲ್ಲ. ತೋಳು ಮಡಿಸಿ ಸಿಪ್ಪೆ ಸುಲಿಯಲು ಕೂರುತ್ತಾರೆ. ಸೊಸೆಯ ದೂರು, ಹಂದಿಯ ತೂಕ, ಬಸ್ಸಿನ ಅವ್ಯವಸ್ಥೆ ಎಲ್ಲ ಮುಗಿದ ಮೇಲೆ, ಮೂರನೆಯ ಬುಟ್ಟಿ ಹೊತ್ತಿಗೆ ಮಾತು ತಾನಾಗಿ ಸಾವಿಗೆ ಬರುತ್ತದೆ. ಎದೆ ಹಿಡಿದುಕೊಂಡಿದ್ದರೇ? ಬೆವರಿದ್ದರೇ? ಎಷ್ಟು ಹೊತ್ತು? ಹಾಳೆಯ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಪಾದ್ರಿಗೂ ಪೊಲೀಸರಿಗೂ ತಿಳಿಯುವುದಿಲ್ಲ. ಹೀಗೆ ಸುಲಿದು ಸುಲಿದು ಐನೂರ ಹತ್ತೊಂಬತ್ತು ಹೃದಯಗಳಲ್ಲಿ ಮುನ್ನೂರ ಇಪ್ಪತ್ತೆರಡನ್ನು ಮಾತ್ರ ನಿಜವೆಂದು ಉಳಿಸಿದ್ದಾರೆ. ತೆಗೆದುಹಾಕಿದವುಗಳಲ್ಲಿ ನಲವತ್ತಮೂರು, ಯಾರೂ ಬಾಯಿಬಿಡದ ಸಾವುಗಳು.

ಎಲ್ಲ ಬಾಗಿಲೂ ಸುಲಭವಾಗಿ ತೆರೆಯಲಿಲ್ಲ. ಒಬ್ಬರು ನಾಯಿ ಬಿಟ್ಟರು. 'ಸಾವಿನ ಗುಮಾಸ್ತೆ' ಎಂದು ಹೆಸರಿಟ್ಟರು. ಮಗನನ್ನು ಕಳೆದುಕೊಂಡ ಸ್ತಮೆನಾ ಎಂಬಾಕೆ ನಾಲ್ಕು ವರ್ಷ 'ಹೃದಯ, ಹೃದಯ' ಎಂದೇ ಹೇಳಿ, ಕಳೆದ ವರ್ಷ ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲೆ ಕುಕ್ಕಿ ನಿಜ ಹೇಳಿದಳು. ಹೇಳಿ, ಬಾಗಿಲವರೆಗೂ ಬಂದು, "ಎಲ್ಲಾರ ಮನೆ ಗಾಯಾನೂ ಕೆದ್ಕಿದ್ಯಲ್ಲ ಪೆನ್ಕಾ, ನಿನ್ನ ಗಂಡನ ಹಾಳೆ ತುಂಬಿದ್ಯೇನೇ?" ಎಂದು ಕೇಳಿದಳು.

ಪೆನ್ಕಾ ತುಂಬಿರಲಿಲ್ಲ. ನಲವತ್ತಮೂರರಲ್ಲಿ ನಲವತ್ತೆರಡು ಹಾಳೆ ನಗರ ಸೇರಿದ್ದವು. ಎರಡು ಸಾವಿರದ ಇನ್ನೂರ ಏಳನೆಯ ಸಂಖ್ಯೆಯದ್ದು ಮಾತ್ರ ಚೀಲದಲ್ಲಿ ಮಡಿಕೆ ಬಿದ್ದು ಕೂತಿತ್ತು. ಅದು ಗಂಡ ಮೆತೋದಿಯದು. ಗಣಿಯಲ್ಲಿ ಕೆಲಸ, ಆಮೇಲೆ ಗಣಿ ಇಲ್ಲ, ಆಮೇಲೆ ಮಾತೂ ಇಲ್ಲ. ಒಂಬತ್ತು ವರ್ಷದ ಹಿಂದಿನ ಒಂದು ಜುಲೈ ಬೆಳಿಗ್ಗೆ ಹಿತ್ತಲಿನ ಕೊಟ್ಟಿಗೆಯಲ್ಲಿ ಅವನನ್ನು ಕಂಡವರು ಪೆನ್ಕಾ. ಅತ್ತೆ ನೆದ್ಯಾಲ್ಕಾ ಇನ್ನೂ ಎದ್ದಿರಲಿಲ್ಲ. ಲಾಜಾರ್ ಮತ್ತು ಪೆನ್ಕಾ ಇಬ್ಬರೇ ಸೇರಿ ಅವನನ್ನು ಒಳಗೆ ತಂದು ಮಲಗಿಸಿ, ಬಟ್ಟೆ ತೊಡಿಸಿ, ಆಮೇಲೆ ಮುದುಕಿಯನ್ನು ಎಬ್ಬಿಸಿದರು. "ರಾತ್ರಿ ಹೃದಯ ನಿಂತೋಯ್ತು ಅತ್ತೆ." ಪಾದ್ರಿ ಬಂದರು. ಗಂಟೆ ಹೊಡೆಯಿತು.

"ಆ ಕಾಗದಕ್ಕೆ ಲಾಜಾರಣ್ಣನ ಕಾಲು ಹಿಡ್ಕೊಂಡೋಳು ನಾನು," ಎನ್ನುತ್ತಾರೆ ಪೆನ್ಕಾ. "ಆಮೇಲೆ ಅದೇ ಬಾಯಲ್ಲಿ ಮನೆಮನೆಗೆ ಹೋಗಿ ನಿಜ ಹೇಳಿ ಅಂದೆ. ನಂಗೆ ನಾಚಿಕೆ ಆಗಿಲ್ಲ ಅನ್ಕೋಬೇಡಿ." ಊರಿನ, ತಮ್ಮವರ ಹೆಸರು ಬದಲಿಸುವುದಾದರೆ ಮಾತ್ರ ಎಂಬ ಷರತ್ತಿನ ಮೇಲೆ ಅವರು ಇದನ್ನೆಲ್ಲ ಹೇಳುತ್ತಿರುವುದು. ಈ ಲೇಖನ ಬರೆಯುವುದು ಕನ್ನಡದಲ್ಲಿ ಎಂದಾಗ ಅವರ ಮುಖ ಅರಳಿತು. "ಆ ಅಕ್ಷರ ನಮ್ಮ ಪಾದ್ರಿಗೆ ಬರಲ್ಲ ತಾನೆ?"

ಈ ತಿಂಗಳ ಕೊನೆಗೆ ಅಧ್ಯಯನ ಮುಗಿಯುತ್ತದೆ. ಮಾತ್ರೆ ಮಾಡಬಹುದೆಂದು ಬಂದಿದ್ದ ಕಂಪನಿ, ಉತ್ತರದ ವಾಸನೆ ಹತ್ತಿದ್ದೇ ಕೈತೊಳೆದುಕೊಂಡಿದೆ. ಪೆನ್ಕಾರ ಕೆಲಸವೂ ಅಲ್ಲಿಗೆ ಮುಗಿಯಿತು. ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಕ್ಷೇತ್ರ ಸಿಬ್ಬಂದಿಗೆ ಕೃತಜ್ಞತೆ' ಎಂದಿರುತ್ತದಂತೆ. "ಸಿಬ್ಬಂದಿ ಅಂದ್ರೆ ಯಾರು, ನಾನೊಬ್ಳೇ ಅಲ್ವಾ?" ಎಂದು ಅವರು ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಹದಿನಾರು ವರ್ಷ ಚಪ್ಪಲಿ ಸವೆಸಿದವರ ಹೆಸರು ಬರೆಯಲು ಒಂದು ಸಾಲಿನ ಜಾಗ ಸಿಗಲಿಲ್ಲವೆಂದರೆ ಹೊಟ್ಟೆ ಉರಿಯುತ್ತದೆ. ಪೆನ್ಕಾಗೆ ಉರಿಯುತ್ತಿರುವುದು ಬೇರೆ, ಚೀಲದಲ್ಲಿ ಉಳಿದ ಆ ಒಂದು ಹಾಳೆ. ನಿಯಮದ ಪ್ರಕಾರ ಸ್ವಂತ ಮನೆಯ ಹಾಳೆಯನ್ನು ತಾವೇ ತುಂಬುವಂತಿಲ್ಲ, ಬೇರೆಯವರು ಬಂದು ಕೇಳಬೇಕು. ಹಾಗಾಗಿ ಬುಧವಾರ ಡಾ. ಮಿಂಚೆವಾ ತಾವೇ ಬಂದಿದ್ದಾರೆ.

ಪೆನ್ಕಾ ಚೀಸ್ ತುಂಬಿ ಬೇಯಿಸಿದ ಪದರ ಪದರದ ತಿಂಡಿ ಬನಿತ್ಸಾ ಕತ್ತರಿಸಿ ಮೇಜಿನ ಮೇಲಿಟ್ಟು, ಒಲೆ ಪಕ್ಕದ ಬೆಂಚಿನಲ್ಲಿ ಕೂತ ಅತ್ತೆಯ ಕಡೆ ತಿರುಗುತ್ತಾರೆ. "ಅತ್ತೆ, ಪಕ್ಕದ್ಮನೇಲಿ ಮೆಣಸಿನಕಾಯಿ ಸುಡ್ತಿದ್ದಾರಂತೆ, ಹೋಗ್ಬನ್ನಿ."

"ಕಾಲು ನೋವು."

"ಒಂದ್ ಹತ್ತು ನಿಮಿಷ ಅತ್ತೆ."

"ನನ್ ಮನೇಲಿ ನಂಗೆ ಜಾಗ ಇಲ್ವೇನೇ?" ಎಂಬತ್ತನಾಲ್ಕರ ನೆದ್ಯಾಲ್ಕಾ ಕದಲುವುದಿಲ್ಲ. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಬೇರೆ ದಾರಿಯಿಲ್ಲದೆ ಹಾಳೆ ಬಿಡಿಸುತ್ತಾರೆ. ಅಂಕಿ, ತಾರೀಕು, ವಯಸ್ಸು. ಎದೆನೋವು ಇತ್ತೇ? ಉಸಿರಾಟದ ತೊಂದರೆ? ಪೆನ್ಕಾ ಒಂದೊಂದಕ್ಕೂ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಕೊನೆಗೆ ಆ ಪ್ರಶ್ನೆ. ನಿಮ್ಮ ತಿಳಿವಳಿಕೆಯಂತೆ ಅವರು ತೀರಿಕೊಂಡದ್ದು ಹೇಗೆ?

ಇದೇ ಪ್ರಶ್ನೆಯನ್ನು ಏಳುನೂರ ಮೂರು ಸಲ ಕೇಳಿದ ಹೆಂಗಸು ಅತ್ತೆಯ ಕಡೆಯೊಮ್ಮೆ ನೋಡುತ್ತಾರೆ. ಮುದುಕಿ ಒಲೆ ನೋಡುತ್ತಿದ್ದಾಳೆ.

"ಹೃದಯ," ಎನ್ನುತ್ತಾರೆ ಪೆನ್ಕಾ. "ಹೃದಯ ನಿಂತೋಯ್ತು."

ಡಾ. ಮಿಂಚೆವಾರ ಪೆನ್ನು ಹಾಳೆಯ ಮೇಲೆ ಬರುತ್ತದೆ. ಸುಳ್ಳೆಂದು ಅವರಿಗೂ ಗೊತ್ತಿರಬೇಕು. ಆದರೆ ಮನೆಯವರು ಹೇಳಿದ್ದನ್ನೇ ಬರೆಯಬೇಕು.

"ಬರೀಬೇಡ ಮಗಾ," ಎನ್ನುತ್ತಾಳೆ ನೆದ್ಯಾಲ್ಕಾ, ಒಲೆಯಿಂದ ಕಣ್ಣು ಕೀಳದೆ. "ಜುಲೈ ತಿಂಗಳು. ಆ ಸೆಕೇಲಿ ನನ್ ಮಗನಿಗೆ ಕತ್ತು ಮುಚ್ಚೋ ಉಣ್ಣೆ ಸ್ವೆಟರ್ ಹಾಕಿ ಮಲಗ್ಸಿದ್ರು. ಅವನು ಚಳೀಲೂ ಕತ್ತಿನ ಗುಂಡಿ ಹಾಕ್ದೋನಲ್ಲ. ನಾನು ಹೆತ್ತೋಳು ಕಣಮ್ಮ, ನಂಗೆ ಗೊತ್ತಾಗಲ್ವಾ?"

ಪೆನ್ಕಾ ಕೂತಲ್ಲೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ.

"ಮತ್ತೆ ಯಾಕೆ ಅತ್ತೆ ಒಂದಿನಾನೂ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದೆ. ನಂಗೆ ಗೊತ್ತು ಅಂತ ಗೊತ್ತಾದ್ರೆ ನೀನು ಕುಸಿದುಹೋಗ್ತೀಯ ಅಂತ. ಬರ್ಕೋ ಡಾಕ್ಟ್ರಮ್ಮ. ಇದ್ದದ್ದು ಇದ್ದ ಹಾಗೆ ಬರ್ಕೋ."

ಡಾಕ್ಟರು ಬರೆದುಕೊಂಡರು. ಪೆನ್ಕಾ ಓದಿ ತಲೆದೂಗಿದರು. ನಲವತ್ತಮೂರಕ್ಕೆ ನಲವತ್ತಮೂರು. ನಗರದ ಗಣಕಯಂತ್ರದಲ್ಲಿ ಒಂದು ಹೃದಯ ಕಡಿಮೆಯಾಯಿತು. ಅದರಿಂದ ಉತ್ತರವೇನೂ ಬದಲಾಗುವುದಿಲ್ಲ ಎಂದು ಡಾ. ಮಿಂಚೆವಾ ಹೊರಡುವಾಗ ಪ್ರಾಮಾಣಿಕವಾಗಿಯೇ ಹೇಳಿದರು. ಸಾವಿರಾರು ಅಂಕಿಗಳ ನಡುವೆ ಒಂದು ಅಂಕಿ, ಅಷ್ಟೆ.

ಸಂಜೆ ಪೆನ್ಕಾ ಅಂಗಳದಲ್ಲಿ ಕೂತು ಜಾಡಿ ತೊಳೆಯುತ್ತಿದ್ದಾರೆ. "ಊರೆಲ್ಲಾ ಕೇಳ್ದೆ. ನಮ್ಮನೇಲಿ ಕೇಳ್ಲಿಲ್ಲ," ಎನ್ನುತ್ತಾರೆ, ಯಾರಿಗೂ ಅಲ್ಲ. ಇನ್ನು ಮುಂದೆ ಗೋಡೆ ಓದುವ ಕೆಲಸವಿಲ್ಲ, ಏನು ಆಸೆಯಿದೆ ಎಂದು ಕೇಳಿದರೆ, ತೊಳೆದ ಜಾಡಿಯನ್ನು ಬೋರಲು ಹಾಕುತ್ತಾರೆ.

"ದೊಡ್ಡದೇನಿಲ್ಲ. ನಾನೂ ಅತ್ತೇನೂ ಎದುರು ಬದುರು ಕೂತು ಒಂಬತ್ತು ವರ್ಷ ಊಟ ಮಾಡಿದ್ದೀವಿ. ಇಬ್ರೂ ಒಂದ್ಸಲಾನೂ ಅವನ ಹೆಸರು ಎತ್ತಿಲ್ಲ. ಇವತ್ತು ಊಟಕ್ಕೆ ಕೂತಾಗ ಮೆತೋದಿ ಅಂತ ಬಾಯ್ಬಿಟ್ಟು ಅನ್ಬೇಕು. ಅವರು ಹೂಂ ಅನ್ಬೇಕು. ಅಷ್ಟೇ."